ಓದುಗರ ಪ್ರಶ್ನೆ: ಬಿರುಗಾಳಿಯ ರಾತ್ರಿ ಮನೆಯೊಳಗೆ

ಗಾಳಿಮಳೆ ಮತ್ತು ಮನೆ ಎಂಬ ವಿಷಯಕ್ಕೆ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಕೇಳಿದವರ ಹೆಸರುಗಳನ್ನು ಎಂದಿನಂತೆ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ಅಡಕೆ ಒಣಗಿಸಲು ಅನುಕೂಲವಾಗಲೆಂದು ಮೂರು ವರ್ಷಗಳ ಹಿಂದೆ ಅಂಗಳಕ್ಕೆ ತಗಡಿನ ಶೀಟಿನ ಚಪ್ಪರ ಹಾಕಿಸಿದೆವು. ಕಳೆದ ಮೇ ತಿಂಗಳ ಗಾಳಿಗೆ ಹಳೆಯ ಮಾಡಿನಿಂದ ನಾಲ್ಕೈದು ಹಂಚುಗಳು ಜಾರಿದವು, ಅಷ್ಟೆ. ಹೊಸ ಚಪ್ಪರದ ಎರಡು ಶೀಟುಗಳು ಮಾತ್ರ ಹಾರಿ ಗದ್ದೆಯಾಚೆ ಬಿದ್ದವು. ಸ್ಕ್ರೂ ಹಾಕಿ ಬಿಗಿದದ್ದು ಹಾರಿತು, ಸುಮ್ಮನೆ ಇಟ್ಟದ್ದು ಉಳಿಯಿತು. ಇದು ಹೇಗೆ?
(ಬ್ರಹ್ಮಾವರ)

ಉತ್ತರ: ಗಾಳಿ ಮಾಡನ್ನು ತಳ್ಳಿ ಬೀಳಿಸುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ಗೋಡೆಯ ಮಟ್ಟಿಗೆ ಅದು ನಿಜ. ಮಾಡಿನ ವಿಷಯದಲ್ಲಿ ಅದು ಮಾಡುವ ಮುಖ್ಯ ಕೆಲಸ ಎತ್ತುವುದು. ನೆತ್ತಿಯನ್ನು ದಾಟಿ ರಭಸದಿಂದ ಹಾಯುವ ಗಾಳಿ ಮಾಡಿನ ಮೇಲುಗಡೆ ಒತ್ತಡವನ್ನು ಇಳಿಸುತ್ತದೆ. ಕೆಳಗಿನಿಂದಲೂ ಗಾಳಿ ನುಗ್ಗಿದರೆ ಅದು ಮೇಲಕ್ಕೆ ಒತ್ತುತ್ತದೆ. ಎರಡೂ ಒಂದೇ ದಿಕ್ಕಿಗೆ ಕೂಡುತ್ತವೆ. ನಾಲ್ಕೂ ಕಡೆ ತೆರೆದ ನಿಮ್ಮ ಚಪ್ಪರ ಈ ಎರಡಕ್ಕೂ ಹೇಳಿ ಮಾಡಿಸಿದಂತಿದೆ.

ಲೆಕ್ಕ ಹಾಕಿ ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಗಂಟೆಗೆ 72 ಕಿ.ಮೀ. ವೇಗದ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 24 ಕಿಲೋ ತೂಕದಷ್ಟು ಒತ್ತಡ ಹಾಕುತ್ತದೆ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಗಡಿನ ಶೀಟು ತೂಗುವುದು ಸುಮಾರು 13 ಕಿಲೋ, ಅದನ್ನು ಮೇಲಕ್ಕೆಳೆಯುವ ಬಲವಾದರೋ 70 ಕಿಲೋ ಆಸುಪಾಸಿಗೆ ಹೋಗಬಹುದು. ವೇಗ ಇಮ್ಮಡಿಯಾದರೆ ಬಲ ಇಮ್ಮಡಿಯಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಇದರ ಜೊತೆಗೆ ನೆನಪಿಡಬೇಕು. ಮಂಗಳೂರು ಹಂಚಾದರೆ ಚದರ ಮೀಟರಿಗೆ ಹದಿನೈದರ ಸುಮಾರಿಗೆ ಕೂರುತ್ತದೆ. ಒಂದೊಂದೂ ಎರಡು ಎರಡೂವರೆ ಕಿಲೋ ಎಂದರೂ ಮಾಡಿನ ತೂಕ ಆಗಲೇ ಮೂವತ್ತು ಮೂವತ್ತೈದು ಕಿಲೋ ದಾಟಿತು. ಅಷ್ಟೇ ಅಲ್ಲ, ಹಂಚು ಹಂಚಿನ ನಡುವಿನ ಸಂದಿಯಲ್ಲಿ ಗಾಳಿ ನುಸುಳಿ ಹೋಗುವುದರಿಂದ ಒಳಗಿನ ಒತ್ತಡ ಕಟ್ಟಿಕೊಳ್ಳುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಮಳೆ. ಆದರೆ ಅದು ಗಾಳಿಗೂ ಒದಗಿಬಂತು.

ಹಾಗೆಂದು ಹಂಚಿನ ಮಾಡು ಹಾರುವುದೇ ಇಲ್ಲವೆಂದಲ್ಲ. ಅದು ಸೂರಿನ ಅಂಚಿನಿಂದ, ಇಳಿಜಾರಿನ ಎರಡು ಬದಿಗಳಿಂದ ಮತ್ತು ನೆತ್ತಿಯಿಂದ ಬಿಚ್ಚಿಕೊಳ್ಳಲು ತೊಡಗುತ್ತದೆ. ಹಂಚಿನ ಅಡಿಯಲ್ಲಿ ತೂತಿರುವ ಸಣ್ಣ ಕಿವಿಯೊಂದು ಇರುತ್ತದೆ. ಅದು ರೀಪಿಗೆ ತಂತಿಯಿಂದ ಕಟ್ಟಲೆಂದೇ ಇರುವುದು, ಆದರೆ ಈಗ ಅದನ್ನು ಕಟ್ಟುವವರು ಕಡಿಮೆ. ಸೂರಿನ ಎರಡು ಸಾಲು ಮತ್ತು ಬದಿಯ ಒಂದೊಂದು ಸಾಲನ್ನಾದರೂ ತುಕ್ಕು ಹಿಡಿಯದ ತಂತಿಯಿಂದ ಕಟ್ಟಿಸಿ. ನೆತ್ತಿಯ ಹಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಏಪ್ರಿಲ್ ಮುಗಿಯುವುದರೊಳಗೆ ತುಂಬಿಸಿ.

ಚಪ್ಪರದ ಬಗ್ಗೆ ನನ್ನದೇ ಅನುಭವವೊಂದನ್ನು ಹೇಳಬೇಕು. 2021ರ ಮೇ 15ರ ರಾತ್ರಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದ ಸಮುದ್ರದಲ್ಲಿ ಉತ್ತರಕ್ಕೆ ಸಾಗುತ್ತಿದ್ದಾಗ, ನಮ್ಮ ಅಂಗಳದ ಶೀಟಿನ ಒಂದು ಮೂಲೆ ಮೊದಲು ಟಕ್ ಟಕ್ ಎಂದು ಬಡಿಯಲಾರಂಭಿಸಿತು. ಅರ್ಧ ಗಂಟೆ ಅದೇ ಸದ್ದು. ಆಮೇಲೆ ಇಡೀ ಶೀಟು ಅಡಕೆ ಹಾಳೆಯನ್ನು ಮಡಿಸಿದಂತೆ ಹಿಂದಕ್ಕೆ ಮಡಚಿಕೊಂಡು ಕಾಣದಾಯಿತು. ಬೆಳಿಗ್ಗೆ ನೋಡಿದರೆ ಸ್ಕ್ರೂಗಳು ಪೈಪಿನಲ್ಲಿ ಹಾಗೆಯೇ ನಿಂತಿದ್ದವು. ಬಿಸಿಲಿಗೆ ಪುಡಿಯಾಗಿದ್ದ ರಬ್ಬರ್ ವಾಷರ್ ಉದುರಿ, ತಗಡು ಅಲುಗಾಡಿ ಅಲುಗಾಡಿ ತೂತು ಅಗಲವಾಗಿ, ಸ್ಕ್ರೂವಿನ ತಲೆಯನ್ನೇ ನುಂಗಿ ಹೊರಬಂದಿತ್ತು. ಆದ್ದರಿಂದ ಬೇಸಿಗೆಯಲ್ಲಿ ಏಣಿ ಇಟ್ಟು ನೋಡಬೇಕಾದದ್ದು ಸ್ಕ್ರೂ ಇದೆಯೇ ಎಂಬುದನ್ನಲ್ಲ, ವಾಷರ್ ಇದೆಯೇ ಎಂಬುದನ್ನು. ಅಂಚಿನ ಸಾಲಿನಲ್ಲಿ ಸ್ಕ್ರೂಗಳನ್ನು ಒತ್ತೊತ್ತಾಗಿ ಹಾಕಿಸಿ, ಕಂಬದ ಬುಡಕ್ಕೆ ಕಾಂಕ್ರೀಟು ಹಾಕಿಸಿ. ಮಳೆಗಾಲದಲ್ಲಿ ಹೇಗೂ ಅಂಗಳದಲ್ಲಿ ಅಡಕೆ ಒಣಗಿಸುವುದಿಲ್ಲ ಎಂದಾದರೆ, ಗಾಳಿಯ ಕಡೆಯ ಶೀಟುಗಳನ್ನು ಮೇ ಮೊದಲ ವಾರದಲ್ಲಿ ಬಿಚ್ಚಿಡುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ಗಾಳಿ ಜೋರಾದಾಗ ಎದುರುಬದುರು ಕಿಟಕಿಗಳನ್ನು ತೆರೆದಿಟ್ಟರೆ ಬಂದ ಗಾಳಿ ಹಾಗೆಯೇ ಹೊರಟುಹೋಗುತ್ತದೆ, ಮಾಡು ಉಳಿಯುತ್ತದೆ ಎಂದು ನಮ್ಮ ಮಾವನವರು ಹೇಳುತ್ತಾರೆ. ಪ್ರತಿ ಸಲ ಹಾಸಿಗೆಯೆಲ್ಲ ಒದ್ದೆಯಾಗುತ್ತದೆ. ಅವರ ಮಾತಿನಲ್ಲಿ ನಿಜವಿದೆಯೇ?
(ಕುಂದಾಪುರ)

ಉತ್ತರ: ಮಾವನವರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಹೇಳಬೇಕೆಂದರೆ, ಇಲ್ಲ. ಒಳಗೆ ಬರುವ ಗಾಳಿ ಬಂದಷ್ಟೇ ಸಲೀಸಾಗಿ ಹೊರಗೆ ಹೋಗುವುದಿಲ್ಲ. ಬಂದದ್ದರಲ್ಲಿ ಒಂದು ಪಾಲು ಮೇಲಕ್ಕೆ ಒತ್ತುತ್ತದೆ, ಮೇಲೆ ಹೇಳಿದ ಎತ್ತುವ ಬಲಕ್ಕೆ ಕೈ ಜೋಡಿಸುತ್ತದೆ. ಎಲ್ಲ ಬಾಗಿಲು ಕಿಟಕಿಗಳನ್ನು ಮುಚ್ಚಿ, ಅಗುಳಿ ಹಾಕಿ. ಒಳಕೋಣೆಗಳ ಬಾಗಿಲುಗಳನ್ನೂ ಮುಚ್ಚಿ. ಅಕಸ್ಮಾತ್ ಒಂದು ಕಿಟಕಿ ಒಡೆದರೂ ಗಾಳಿ ಆ ಒಂದು ಕೋಣೆಯಲ್ಲೇ ಉಳಿಯುತ್ತದೆ.

ಗಾಳಿ ಬರುವ ಕಡೆಯದನ್ನು ಮಾತ್ರ ಮುಚ್ಚಿದರೆ ಸಾಲದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಗುಡುಗಿನ ಮೋಡದಿಂದ ಇಳಿದುಬರುವ ಬೇಸಿಗೆಯ ಬಿರುಗಾಳಿ ಸಾಮಾನ್ಯವಾಗಿ ಒಂದೇ ದಿಕ್ಕಿನಿಂದ ಬೀಸಿ ಸ್ವಲ್ಪ ಹೊತ್ತಿನಲ್ಲಿ ಮುಗಿಯುತ್ತದೆ. ಚಂಡಮಾರುತ ಹಾಗಲ್ಲ. ನಮ್ಮ ಗೋಳಾರ್ಧದಲ್ಲಿ ಅದರ ಗಾಳಿ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಅದರ ಕೇಂದ್ರ ನಮ್ಮ ಪಶ್ಚಿಮಕ್ಕೆ ಸಮುದ್ರದಲ್ಲಿ ಉತ್ತರಾಭಿಮುಖವಾಗಿ ಹಾದುಹೋದರೆ, ನಮಗೆ ಮೊದಲು ಆಗ್ನೇಯದಿಂದ, ಆಮೇಲೆ ದಕ್ಷಿಣದಿಂದ, ಕೊನೆಗೆ ನೈರುತ್ಯದಿಂದ ಗಾಳಿ ಬೀಸುತ್ತದೆ. ಸಂಜೆ ನಿಶ್ಚಿಂತೆಯಿಂದ ಬಿಟ್ಟ ಕಿಟಕಿಯೇ ಬೆಳಗಿನ ಜಾವಕ್ಕೆ ಗಾಳಿಗೆ ಎದುರಾಗುತ್ತದೆ. ಕೇಂದ್ರವೇ ನೆತ್ತಿಯ ಮೇಲೆ ಬಂದರೆ ಗಾಳಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮುಗಿಯಿತೆಂದು ಅಂಗಳಕ್ಕೆ ಇಳಿದವರ ಮೇಲೆ ಸ್ವಲ್ಪ ಹೊತ್ತಿನಲ್ಲಿ ಎದುರು ದಿಕ್ಕಿನಿಂದ ಅಷ್ಟೇ ರಭಸದ ಗಾಳಿ ಎರಗುತ್ತದೆ. ತೌಕ್ತೆಯ ಕೇಂದ್ರ ನಮ್ಮ ಕರಾವಳಿಯನ್ನು ಮುಟ್ಟದೆ ಮೇ 17ರ ರಾತ್ರಿ ಗುಜರಾತಿನಲ್ಲಿ ನೆಲ ತಲುಪಿದ್ದರಿಂದ ನಮಗೆ ಆ ಅನುಭವವಾಗಲಿಲ್ಲ.

ಒಂದು ಪಕ್ಕದ ಮಾತು. ಆ ಹೆಸರು ಮ್ಯಾನ್ಮಾರ್ ಕೊಟ್ಟದ್ದು, ಅರ್ಥ ಹಲ್ಲಿ. ಉಚ್ಚಾರ 'ತೌತೆ' ಎಂದು ತಿಳಿದಾಗ ನಮ್ಮ ಕಡೆಯವರಿಗೆ ನಗು ತಡೆಯಲಾಗಲಿಲ್ಲ. ತುಳುವಿನಲ್ಲಿ ತೌತೆಯೆಂದರೆ ಸೌತೆಕಾಯಿ.

ಪ್ರಶ್ನೆ: ಗಾಳಿ ಬೀಸುವಾಗ ಮೇನ್ ಸ್ವಿಚ್ ತೆಗೆಯಬೇಕೇ? ನಮ್ಮಲ್ಲಿ ಇನ್ವರ್ಟರ್ ಇದೆ, ಚಿಕ್ಕ ಜನರೇಟರೂ ಇದೆ. ಮನೆಯಲ್ಲಿ ಆಮ್ಲಜನಕದ ಯಂತ್ರ ಬಳಸುವ ವಯಸ್ಸಾದ ತಾಯಿ ಇದ್ದಾರೆ.
(ತೀರ್ಥಹಳ್ಳಿ)

ಉತ್ತರ: ತೆಗೆಯಬೇಕು. ವಿದ್ಯುತ್ ಹೋದಮೇಲೂ ತೆಗೆದೇ ಇಡಬೇಕು, ಏಕೆಂದರೆ ತಂತಿಗಳು ಒಂದಕ್ಕೊಂದು ತಾಗಿಕೊಂಡ ಸ್ಥಿತಿಯಲ್ಲಿ ಮರಳಿ ಬರುವ ವಿದ್ಯುತ್ತು ಎಷ್ಟು ವೋಲ್ಟಿನದೆಂದು ಯಾರೂ ಹೇಳಲಾರರು. ಇನ್ವರ್ಟರಿನಿಂದ ಒಂದೆರಡು ದೀಪ, ಮೊಬೈಲು ಮತ್ತು ತಾಯಿಯವರ ಯಂತ್ರಕ್ಕೆ ಮಾತ್ರ ವಿದ್ಯುತ್ ಕೊಡಿ. ಯಂತ್ರವನ್ನು ನಿಮ್ಮ ಇನ್ವರ್ಟರು ಎಷ್ಟು ಗಂಟೆ ನಡೆಸುತ್ತದೆ ಎಂಬುದನ್ನು ಈಗಲೇ, ಬಿಸಿಲಿರುವ ಒಂದು ದಿನ ಮೇನ್ ತೆಗೆದು ಪರೀಕ್ಷಿಸಿ. ತುಂಬಿದ ಸಿಲಿಂಡರೊಂದು ಮನೆಯಲ್ಲಿರಲಿ. ಮಲೆನಾಡಿನಲ್ಲಿ ಮರ ಬಿದ್ದು ಲೈನು ಹೋದರೆ ಒಂದು ರಾತ್ರಿಗೆ ಮುಗಿಯುವುದಿಲ್ಲ ಎಂಬುದು ನಿಮಗೇ ಗೊತ್ತಿರುವ ವಿಷಯ. ಕೆಂಪು ಎಚ್ಚರಿಕೆ ಬಂದಾಗ, ರಸ್ತೆ ತೆರೆದಿರುವಾಗಲೇ, ತಾಯಿಯವರನ್ನು ಪೇಟೆಯ ನೆಂಟರ ಮನೆಗೆ ಕರೆದೊಯ್ಯುವುದನ್ನೂ ಯೋಚಿಸಿ.

ಜನರೇಟರಿನ ಬಗ್ಗೆ ಎರಡು ಮಾತುಗಳನ್ನು ಕಟುವಾಗಿಯೇ ಹೇಳುತ್ತೇನೆ. ಅದನ್ನು ಜಗಲಿಯಲ್ಲಾಗಲಿ ಕಿಟಕಿಯ ಪಕ್ಕದಲ್ಲಾಗಲಿ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಎರಡನೆಯದು, ಎರಡೂ ತುದಿಗೆ ಪ್ಲಗ್ಗು ಹಾಕಿದ ವೈರಿನಿಂದ ಗೋಡೆಯ ಸಾಕೆಟ್ಟಿಗೇ ಜನರೇಟರನ್ನು ಜೋಡಿಸುವ ಕೆಟ್ಟ ಚಾಳಿ ಹಲವೆಡೆ ಇದೆ. ಆ ವಿದ್ಯುತ್ತು ಮನೆಯಿಂದ ಹೊರಗಿನ ಲೈನಿಗೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಏರಿ, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಕೈಗೆ ಸಾವಿರಾರು ವೋಲ್ಟಾಗಿ ತಲುಪುತ್ತದೆ. ಲೈನು ಅಥವಾ ಜನರೇಟರು, ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಸೇರಿಸಲೇಬಾರದು. ತೋಟದಲ್ಲಿ ಬಿದ್ದ ತಂತಿಯ ಹತ್ತಿರ ಮನುಷ್ಯರಿರಲಿ, ದನವನ್ನೂ ಬಿಡದೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಒಂಬತ್ತನೆಯ ಮಹಡಿಯಲ್ಲಿದ್ದೇವೆ. ಬಿರುಗಾಳಿ ಎಂಬುದು ಕರಾವಳಿಯವರ ಕಷ್ಟವಲ್ಲವೇ?
(ಬೆಂಗಳೂರು)

ಉತ್ತರ: ಕಟ್ಟಡಗಳ ವಿನ್ಯಾಸಕ್ಕಾಗಿ ಇರುವ ಭಾರತೀಯ ಮಾನಕದ ಪ್ರಕಾರ, ಐವತ್ತು ವರ್ಷಕ್ಕೊಮ್ಮೆ ಬೀಸಬಹುದಾದ ಗಾಳಿಯ ರಭಸವನ್ನು ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33 ಮೀಟರ್ ಎಂದು ಹಿಡಿಯಬೇಕು. ಗಂಟೆಯ ಲೆಕ್ಕದಲ್ಲಿ ಇವು ಸುಮಾರು 140 ಮತ್ತು 119 ಕಿ.ಮೀ. ಅಂತರ ನೀವು ಎಣಿಸಿದಷ್ಟು ದೊಡ್ಡದಲ್ಲ, ಮೇಲಾಗಿ ಎತ್ತರಕ್ಕೆ ಹೋದಂತೆ ಗಾಳಿ ಜೋರಾಗುತ್ತದೆ. ನಿಮ್ಮ ಗೋಡೆಗೆ ಭಯವಿಲ್ಲ. ಭಯವಿರುವುದು ಬಾಲ್ಕನಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ ಹೂಕುಂಡಗಳಿಂದ, ಅದೂ ನಿಮಗಲ್ಲ, ಕೆಳಗೆ ನಡೆಯುವವರಿಗೆ. ಜಾರುವ ಗಾಜಿನ ಕಿಟಕಿಗಳನ್ನು ಕೊಕ್ಕೆ ಕೂರುವವರೆಗೆ ಮುಚ್ಚಿ. ಕಾರನ್ನು ಮಳೆಮರದ ಅಡಿಯಿಂದ ತೆಗೆಯಿರಿ.

ಪ್ರಶ್ನೆ: ಪಕ್ಕದ ಮನೆಯವರ ಮಾವಿನ ಮರ ನಮ್ಮ ಮಾಡಿನ ಕಡೆಗೆ ವಾಲಿದೆ. ಕಡಿಸಿ ಎಂದರೆ ಕೇಳುತ್ತಿಲ್ಲ. ನಮ್ಮ ಅಂಗಳದ ತೆಂಗಿನ ಮರವನ್ನೂ ತೆಗೆಸುವುದೇ ಎಂದು ಯೋಚಿಸುತ್ತಿದ್ದೇವೆ.
(ಶಿರಸಿ)

ಉತ್ತರ: ತೆಂಗನ್ನು ಬಿಡಿ. ಗಟ್ಟಿಮುಟ್ಟಾದ ತೆಂಗು ಬಾಗಿ ಏಳುವ ಮರ. ಅದರಿಂದ ಅಪಾಯವೆಂದರೆ ಒಣಗಿದ ಮಡಲು ಮತ್ತು ಕಾಯಿ, ಅವನ್ನು ಮೇ ಮೊದಲೇ ಇಳಿಸಿದರೆ ಆಯಿತು. ಸಿಡಿಲು ಬಡಿದು ತಲೆ ಒಣಗಿದ ಅಥವಾ ಬುಡ ಕೊಳೆತ ಮರದ ಮಾತು ಬೇರೆ.

ಮಾವಿನ ವಿಷಯದಲ್ಲಿ ವಾಲಿದೆ ಎಂಬುದೊಂದೇ ಅಪಾಯದ ಲಕ್ಷಣವಲ್ಲ. ಚಿಕ್ಕಂದಿನಿಂದ ವಾಲಿ ಬೆಳೆದ ಮರ ಬೇರನ್ನೂ ಅದಕ್ಕೆ ತಕ್ಕಂತೆ ಬಿಟ್ಟಿರುತ್ತದೆ. ನೋಡಬೇಕಾದದ್ದು ಬುಡವನ್ನು. ವಾಲಿದ್ದರ ಎದುರು ಬದಿಯ ಮಣ್ಣು ಬಿರಿದಿದೆಯೇ, ಬುಡದಲ್ಲಿ ಅಣಬೆ ಎದ್ದಿದೆಯೇ, ಇತ್ತೀಚೆಗೆ ಆ ಬದಿಯಲ್ಲಿ ಚರಂಡಿಗೋ ಕಾಂಪೌಂಡಿಗೋ ಅಗೆದು ಬೇರು ಕಡಿದಿದ್ದಾರೆಯೇ? ಬಿದ್ದ ಮರಗಳ ಬುಡದಲ್ಲಿ ನಾನು ಹೆಚ್ಚಾಗಿ ಕಂಡದ್ದು ಈ ಮೂರನೆಯದನ್ನು, ನೇರವಾಗಿ ಗರಗಸ ಹಾಕಿದಂತೆ ಕತ್ತರಿಸಿದ ಬೇರಿನ ಗೋಡೆಯನ್ನು. ಹಾಗೇನೂ ಇಲ್ಲವಾದರೆ ನಿಮ್ಮ ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನಷ್ಟೇ ಬುಡದಿಂದ ತೆಗೆಸಿಕೊಡಿ ಎಂದು ಕೇಳಿ, ಕೂಲಿಯಲ್ಲಿ ಅರ್ಧ ನೀವು ಕೊಡುತ್ತೇವೆ ಎಂದರೆ ಒಪ್ಪಿಯಾರು. ತಲೆಯನ್ನು ಪೂರ್ತಿ ಬೋಳಿಸಬೇಡಿ. ಆಮೇಲೆ ಚಿಗುರುವ ಕೊಂಬೆಗಳಿಗೆ ಹಿಡಿತವೇ ಇರುವುದಿಲ್ಲ. ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.

ಪ್ರಶ್ನೆ: ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿದ್ದೇನೆ. 2024ರ ಮೇ 16ರ ಬಿರುಗಾಳಿಯನ್ನೂ ಜುಲೈ 8ರ ಬೆರಿಲ್ ಚಂಡಮಾರುತವನ್ನೂ ಮರದ ಚೌಕಟ್ಟಿನ ಮನೆಯಲ್ಲಿ ಕುಳಿತು ಕಳೆದೆವು. ಕಲ್ಲಿನ ಮನೆಯಲ್ಲಿ ಬೆಳೆದ ನನಗೆ ಗೋಡೆ ನಡುಗುವುದನ್ನು ಕೇಳಿ ಹೆದರಿಕೆಯಾಯಿತು. ಇಂಥ ಮನೆಯಲ್ಲಿ ಎಲ್ಲಿ ಕೂರಬೇಕು?
(ಹ್ಯೂಸ್ಟನ್)

ಉತ್ತರ: ಕೆಳಗಿನ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಒಳಗಿನ ಸಣ್ಣ ಕೋಣೆಯಲ್ಲಿ, ಸ್ನಾನದ ಮನೆ ಅಥವಾ ಮೆಟ್ಟಿಲಿನ ಅಡಿಯ ಉಗ್ರಾಣವಾದರೂ ಸರಿ. ನೀವು ಕೇಳದಿದ್ದ ಇನ್ನೊಂದು ಜಾಗದ ಬಗ್ಗೆ ಹೇಳಬೇಕು: ಕಾರಿನ ಗ್ಯಾರೇಜು. ಅದರ ಅಗಲವಾದ ತೆಳು ಬಾಗಿಲು ಆ ಮನೆಗಳ ಅತ್ಯಂತ ದುರ್ಬಲ ಭಾಗ. ಅದು ಒಳಕ್ಕೆ ಕುಸಿದರೆ ಗಾಳಿ ನುಗ್ಗಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಬ್ರಹ್ಮಾವರದ ಅಂಗಳದಲ್ಲಿ ಆದದ್ದೂ ಇದೇ. ಆ ಬಾಗಿಲಿಗೆ ಒಳಗಿನಿಂದ ಕೂಡಿಸುವ ಊರುಗೋಲಿನ ಪಟ್ಟಿಗಳು ನಿಮ್ಮಲ್ಲಿ ಸಿಗುತ್ತವೆ, ಜೂನ್ ಒಂದರಂದು ಚಂಡಮಾರುತದ ಋತು ಆರಂಭವಾಗುವ ಮೊದಲೇ ಹಾಕಿಸಿ. ಬೆರಿಲ್ ಬಂದಾಗ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ವಿದ್ಯುತ್ ಹೋಗಿ, ಸುಡುಬೇಸಿಗೆಯಲ್ಲಿ ಹಲವರು ದಿನಗಟ್ಟಲೆ ಕಾಯಬೇಕಾಯಿತು. ಗಾಳಿಯ ರಾತ್ರಿಗಿಂತ ಅದರ ನಂತರದ ಆ ದಿನಗಳಿಗೇ ಹೆಚ್ಚು ನೀರು, ಔಷಧಿ ಮತ್ತು ಹೋಗಿ ಇರಬಹುದಾದ ಒಂದು ತಂಪು ಜಾಗವನ್ನು ಗೊತ್ತುಮಾಡಿಕೊಂಡಿರಿ. ಜನರೇಟರಿನ ಬಗ್ಗೆ ತೀರ್ಥಹಳ್ಳಿಯವರಿಗೆ ಹೇಳಿದ್ದನ್ನು ನೀವೂ ಓದಿ, ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಅದರೊಳಗೆ ಓಡಿಸುವಂತಿಲ್ಲ.