ವಿಸ್ತರಣಾ ಭಾಷೆಗಳ ಕುರಿತ ನಿಮ್ಮ ಲೇಖನದ ಬಗ್ಗೆ

ಆತ್ಮೀಯ ಲೇಖಕರೇ,

ನಮಸ್ಕಾರ. ‘ಸ್ವತಂತ್ರ ತಂತ್ರಾಂಶಗಳಲ್ಲಿ ವಿಸ್ತರಣಾ ಭಾಷೆಗಳು’ ಎಂಬ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಬಳಕೆದಾರರೇ ತಂತ್ರಾಂಶಕ್ಕೆ ಹೊಸ ಕೆಲಸ ಕಲಿಸಲೆಂದು ಅದರೊಳಗೇ ಕೂರಿಸಿದ ಭಾಷೆಗಳ ಈ ವಿಷಯ ಮಾತ್ರ ಕನ್ನಡದಲ್ಲಿ ಬರಲೇಬೇಕಾದದ್ದು. ಆದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಲೇಖನದ ಮುಕ್ಕಾಲು ಭಾಗ ಪಟ್ಟಿಯೇ ಆಗಿದೆ. ಪಠ್ಯ ತಿದ್ದುವ ಇಮ್ಯಾಕ್ಸ್‌ಗೆ ಲಿಸ್ಪ್, ಚಿತ್ರ ತಿದ್ದುವ ಗಿಂಪ್‌ಗೆ ಲಿಸ್ಪ್‌ನ ಪ್ರಭೇದವಾದ ಸ್ಕೀಮ್, ಪಠ್ಯ ತಿದ್ದುವ ಇನ್ನೊಂದು ತಂತ್ರಾಂಶ ನಿಯೋವಿಮ್‌ಗೆ ಲೂವಾ ಎಂದು ಹೇಳುತ್ತಾ ಪ್ರತಿಯೊಂದಕ್ಕೂ ‘ಅತ್ಯಂತ ಶಕ್ತಿಶಾಲಿ’ ಎಂಬ ವಿಶೇಷಣ ಹಚ್ಚಿದ್ದೀರಿ. ಆದರೆ ಓದುಗರಿಗೆ ಮೊದಲು ಏಳುವ ಪ್ರಶ್ನೆ ಬೇರೆ: ಸ್ವತಂತ್ರ ತಂತ್ರಾಂಶದ ಸೋರ್ಸ್ ಕೋಡ್ ಹೇಗೂ ಬಳಕೆದಾರರ ಕೈಯಲ್ಲೇ ಇರುವಾಗ, ಅದರೊಳಗೆ ಇನ್ನೊಂದು ಭಾಷೆಯನ್ನು ಏಕೆ ಕೂರಿಸಬೇಕು? ಈ ಪ್ರಶ್ನೆಯನ್ನು ನೀವು ಎತ್ತಿಯೇ ಇಲ್ಲ.

ಉತ್ತರಕ್ಕೆ ಒಂದೇ ಉದಾಹರಣೆ ಸಾಕು. ಇಮ್ಯಾಕ್ಸ್‌ನಲ್ಲಿ ಕಡತವನ್ನು ಉಳಿಸುವ ಮುನ್ನ ನಡೆಯಬೇಕಾದ ಕೆಲಸಗಳನ್ನು ‘ಬಿಫೋರ್-ಸೇವ್-ಹುಕ್’ ಎಂಬಲ್ಲಿ ಸೇರಿಸಿಡಬಹುದು. ಸಾಲುಗಳ ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನು ಅಳಿಸುವ ಫಂಕ್ಷನ್ನನ್ನು ಅಲ್ಲಿಗೆ ಸೇರಿಸುವ ಒಂದು ಸಾಲು ಲಿಸ್ಪ್ ಬರೆದು, ಕೊನೆಯ ಆವರಣ ಚಿಹ್ನೆಯ ಪಕ್ಕದಲ್ಲಿ ಕರ್ಸರ್ ಇಟ್ಟು, ಕಂಟ್ರೋಲ್-ಎಕ್ಸ್ ಕಂಟ್ರೋಲ್-ಇ ಒತ್ತಿದರೆ ಆ ಕ್ಷಣದಿಂದಲೇ ಅದು ಜಾರಿಗೆ ಬರುತ್ತದೆ. ಇಮ್ಯಾಕ್ಸ್‌ನ ತಿರುಳನ್ನು ಬರೆದಿರುವ ಸಿ ಭಾಷೆ ಕಲಿಯಬೇಕಿಲ್ಲ, ಕಂಪೈಲ್ ಮಾಡಬೇಕಿಲ್ಲ (ಎಂದರೆ ಸೋರ್ಸ್ ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸಬೇಕಿಲ್ಲ), ಇಮ್ಯಾಕ್ಸನ್ನು ಮುಚ್ಚಿ ತೆರೆಯುವುದೂ ಬೇಡ. ಆದರೆ ಮಾರ್ಕ್‌ಡೌನ್ ಎಂಬ ಸರಳ ಪಠ್ಯರೂಪದಲ್ಲಿ ಬರೆಯುವವರು ಸ್ವಲ್ಪ ಹೊತ್ತಿಗೇ ತೊಂದರೆಗೆ ಸಿಕ್ಕುತ್ತಾರೆ, ಏಕೆಂದರೆ ಅಲ್ಲಿ ಸಾಲಿನ ಕೊನೆಯ ಎರಡು ಖಾಲಿ ಜಾಗಗಳಿಗೆ ‘ಇಲ್ಲಿ ಸಾಲು ಮುರಿ’ ಎಂಬ ಅರ್ಥವಿದೆ. ಈಗ ‘ಮಾರ್ಕ್‌ಡೌನ್ ಕಡತಗಳಲ್ಲಿ ಅಳಿಸಬೇಡ’ ಎಂಬ ಒಂದು ಷರತ್ತು ಬೇಕು, ಆಮೇಲೆ ತಮ್ಮದೇ ಫಂಕ್ಷನ್ ಬೇಕು. ಒಂದು ಸಾಲಿನಿಂದ ಹೊರಟವರು ಹೀಗೆಯೇ ಪ್ರೋಗ್ರಾಂ ಬರೆಯುವವರಾಗುತ್ತಾರೆ.

ಇಷ್ಟು ತೋರಿಸಿದ ಮೇಲೆ, ಗ್ನೂ ಎಂಬ ಸ್ವತಂತ್ರ ತಂತ್ರಾಂಶ ಯೋಜನೆಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ ಬಗ್ಗೆ ‘ಸ್ಟಾಲ್‌ಮನ್ ಟಿಸಿಎಲ್ ಭಾಷೆಯನ್ನು ವಿರೋಧಿಸಿದರು’ ಎಂದು ನೀವು ಒಂದೇ ವಾಕ್ಯದಲ್ಲಿ ದಾಟಿಸಿದ 1994ರ ವಿವಾದಕ್ಕೆ ತಾನಾಗಿಯೇ ಅರ್ಥ ಬರುತ್ತದೆ. ಪ್ರತಿಯೊಂದು ಉಪಕರಣಕ್ಕೂ ಹೊಸದೊಂದು ಅರೆಬರೆ ಆಜ್ಞಾಭಾಷೆ ಹುಟ್ಟುವುದನ್ನು ತಪ್ಪಿಸಲು ಜಾನ್ ಔಸ್ಟರ್‌ಹೌಟ್ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಟಿಸಿಎಲ್ ರೂಪಿಸಿದ್ದರು, ಉದ್ದೇಶ ಒಳ್ಳೆಯದೇ. ಸ್ಟಾಲ್‌ಮನ್ ಅವರ ಆಕ್ಷೇಪವೆಂದರೆ, ಅದರಲ್ಲಿ ಸರಿಯಾದ ಅರೇಗಳಿಲ್ಲ (ಸಾಲಾಗಿ ಜೋಡಿಸಿದ ದತ್ತಾಂಶ), ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ದತ್ತಾಂಶ) ಕಟ್ಟಲು ಬೇಕಾದ ರಚನೆಗಳಿಲ್ಲ, ಸಂಖ್ಯೆಗಳೂ ಅಕ್ಷರಸಾಲುಗಳ ವೇಷದಲ್ಲೇ ಇರುವುದರಿಂದ ವೇಗವಿಲ್ಲ. ಬಳಕೆದಾರರು ದೊಡ್ಡ ಪ್ರೋಗ್ರಾಂಗಳನ್ನು ಬರೆದೇ ಬರೆಯುತ್ತಾರಾದ್ದರಿಂದ ವಿಸ್ತರಣಾ ಭಾಷೆಯು ಪೂರ್ಣ ಪ್ರಮಾಣದ ಭಾಷೆಯೇ ಆಗಿರಬೇಕು ಎಂಬುದು ಅವರ ವಾದವಾಗಿತ್ತು. ಈ ವಾದದ ತಿರುಳನ್ನು ನಾನು ಒಪ್ಪುತ್ತೇನೆ. ಆದರೂ ಟಿಸಿಎಲ್ ಜೊತೆಗೆ ಬಂದ ಟಿಕೆ, ಕಿಟಕಿ-ಗುಂಡಿಗಳನ್ನು ಕಟ್ಟುವ ಕೆಲಸವನ್ನು ಎಷ್ಟು ಹಗುರ ಮಾಡಿತೆಂಬುದನ್ನೂ, 1997ರ 8.0 ಆವೃತ್ತಿಯಲ್ಲಿ ವೇಗ ಹೆಚ್ಚಿಸುವ ಬೈಟ್‌ಕೋಡ್ ಕಂಪೈಲರ್ ಬಂದದ್ದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ.

ವಾದ ಗೆದ್ದ ಮಾತ್ರಕ್ಕೆ ಭಾಷೆ ಗೆಲ್ಲುವುದಿಲ್ಲ ಎಂಬುದೂ ಇಲ್ಲಿ ಬರಬೇಕು. ಸ್ಕೀಮ್ ಆಧಾರಿತ ಗೈಲ್ ಅನ್ನು ಗ್ನೂ ಯೋಜನೆ ತನ್ನ ಅಧಿಕೃತ ವಿಸ್ತರಣಾ ಭಾಷೆಯಾಗಿ ಬೆಳೆಸಿತು. ಆದರೆ ಗ್ನೂವಿನದೇ ಡೀಬಗರ್ (ಪ್ರೋಗ್ರಾಂನ ದೋಷ ಹುಡುಕುವ ಉಪಕರಣ) ಆದ ಜಿಡಿಬಿಯೊಳಗೆ ಪೈಥಾನ್ 2009ರಲ್ಲೇ ಬಂತು, ಗೈಲ್ ಬಂದದ್ದು 2014ರಲ್ಲಿ. ಹೆಚ್ಚು ಜನರಿಗೆ ಆಗಲೇ ಗೊತ್ತಿದ್ದ ಭಾಷೆ ಮುಂದೆ ಹೋಯಿತು ಎಂದೇ ನಾನು ಇದನ್ನು ಓದುತ್ತೇನೆ. ನಿಮಗೆ ಬೇರೆ ಅಭಿಪ್ರಾಯವಿದ್ದರೆ ಅದನ್ನೇ ಬರೆಯಿರಿ. ಸದ್ಯಕ್ಕೆ ಲೇಖನದಲ್ಲಿ ನಿಮ್ಮ ಅಭಿಪ್ರಾಯ ಎಲ್ಲೂ ಕಾಣುವುದಿಲ್ಲ.

ಒಂದು ತಪ್ಪನ್ನು ತಿದ್ದಲೇಬೇಕು. ನೀವು ಬರೆದಂತೆ ಲೂವಾ ಗಣಕದ ಆಟಗಳಿಗಾಗಿ ಹುಟ್ಟಿದ ಭಾಷೆಯಲ್ಲ. 1993ರಲ್ಲಿ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ, ಪೆಟ್ರೋಬ್ರಾಸ್ ತೈಲ ಕಂಪನಿಗಾಗಿ ನಡೆಯುತ್ತಿದ್ದ ತಂತ್ರಾಂಶ ಕೆಲಸಗಳ ನಡುವೆ ಅದು ರೂಪುಗೊಂಡಿತು; ಆಟಗಳು ಅದನ್ನು ಹಿಡಿದದ್ದು ಆಮೇಲೆ.

ಇಮ್ಯಾಕ್ಸ್‌ನ ಜೊತೆಗೇ ಬರುವ ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಕೀಲಿವಿನ್ಯಾಸಗಳೂ ಲಿಸ್ಪ್‌ನಲ್ಲೇ ಬರೆದವು ಎಂಬುದನ್ನು ನೀವು ಗಮನಿಸಿಲ್ಲ. ಅವುಗಳ ಕಡತವನ್ನು ತೆರೆದು ಓದಿ. ನಮ್ಮ ಓದುಗರಿಗೆ ಲೂವಾದ ಚರಿತ್ರೆಗಿಂತ ಅದು ಹತ್ತಿರದ ಉದಾಹರಣೆ.

ಪಟ್ಟಿಯನ್ನು ಕೈಬಿಟ್ಟು, ಒಂದೆರಡು ಉದಾಹರಣೆಗಳನ್ನು ನಿಮ್ಮ ಗಣಕದಲ್ಲೇ ನಡೆಸಿ ನೋಡಿ, ಯಾವ ಆವೃತ್ತಿಯೆಂದು ನಮೂದಿಸಿ ಮತ್ತೆ ಕಳುಹಿಸಿ. ಖಂಡಿತ ಓದುತ್ತೇನೆ.

ಇಂತಿ,
ಸಂಪಾದಕ