ಅಜ್ಜಿ ಹೇಳಿದ್ದು ಸುಳ್ಳೇ?

ಪ್ರಶ್ನೆ: ಶರಾವತಿ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರ ಸಂದರ್ಶನ ಮಾಡುತ್ತಿದ್ದೇನೆ. ಒಬ್ಬ ಅಜ್ಜಿ ಮೊದಲ ಸಲ ‘ಅಂಗಳಕ್ಕೆ ನೀರು ಬಂದ ಮೇಲೆ ಮಳೆಯಲ್ಲೇ ಹೊರಟ್ವಿ’ ಎಂದರು. ತಿಂಗಳು ಬಿಟ್ಟು ಹೋದಾಗ ‘ಬೇಸಿಗೇಲಿ ಲಾರಿ ಬಂತು’ ಎಂದರು. ಈ ಸಂದರ್ಶನ ಕೈಬಿಡಲೇ?
— ಸಂಶೋಧನಾ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ದಯವಿಟ್ಟು ಬಿಡಬೇಡಿ. ಅವರು ಹೇಳುತ್ತಿರುವುದು ಯಾವ ಮುಳುಗಡೆ ಎಂದು ಮೊದಲು ವಿಚಾರಿಸಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. 1940ರ ದಶಕದಲ್ಲೇ ಅದೇ ಕಣಿವೆಯಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತ್ತು. ಈಗ ಅದೂ ಲಿಂಗನಮಕ್ಕಿಯ ನೀರಿನಡಿ ಇದೆ. ತಾಯಿಯ ಬಾಯಲ್ಲಿ ಕೇಳಿದ ಮುಳುಗಡೆ, ಕಣ್ಣಾರೆ ಕಂಡ ಮುಳುಗಡೆ ಎರಡೂ ಬೆರೆತಿರಬಹುದು. ಬೇಸಿಗೆಯಲ್ಲಿ ಸಾಮಾನು ಸಾಗಿಸಿ, ಉಳಿದದ್ದಕ್ಕೆಂದು ಮಳೆಗಾಲದಲ್ಲಿ ಮರಳಿದ್ದರಂತೂ ಎರಡು ಮಾತೂ ನಿಜವೇ.

ಇಸವಿ ಕೇಳಬೇಡಿ. ‘ಆಗ ತೊಟ್ಟಿಲಲ್ಲಿದ್ದ ಮಗು ಯಾವುದು? ಅಡಿಕೆ ಕೊಯ್ಲು ಆಗಿತ್ತಾ?’ ಎಂದು ಕೇಳಿ. ಹಾಳೆಯ ಒಂದು ಬದಿಗೆ ಮನೆಯ ಮದುವೆ, ಹೆರಿಗೆ, ಸಾವು. ಇನ್ನೊಂದು ಬದಿಗೆ ದಾಖಲೆಯಲ್ಲಿ ಸಿಕ್ಕ ನೋಟಿಸು, ಪರಿಹಾರದ ದಿನಾಂಕ ಬರೆದು ಹೊಂದಿಸಿ.

‘ನೀರು ನುಗ್ಗಿತಾ?’ ಎಂದು ಕೇಳಿದರೆ ನುಗ್ಗಿತೆಂದೇ ಉತ್ತರ ಬರುವ ಅಪಾಯವಿದೆ. 1974ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಲನಚಿತ್ರ ತೋರಿಸಿ, ಕಾರುಗಳ ವೇಗ ಎಷ್ಟಿತ್ತೆಂದು ನೋಡಿದವರನ್ನು ಕೇಳಿದರು. ಪ್ರಶ್ನೆಯಲ್ಲಿ ‘ಅಪ್ಪಳಿಸಿದಾಗ’ ಎಂಬರ್ಥದ ಪದವಿದ್ದ 50 ಮಂದಿಯಲ್ಲಿ 16 ಜನ, ವಾರದ ನಂತರ, ಇಲ್ಲದ ಒಡೆದ ಗಾಜನ್ನು ಕಂಡೆವೆಂದರು. ‘ಗುದ್ದಿದಾಗ’ ಎಂದು ಕೇಳಿಸಿಕೊಂಡ 50ರಲ್ಲಿ ಹಾಗೆಂದವರು 7. ‘ಅವತ್ತು ಬೆಳಿಗ್ಗೆಯಿಂದ ಏನೇನಾಯ್ತು, ಹೇಳಿ ಅಜ್ಜಿ’ ಎಂದು ಬಿಟ್ಟುಬಿಡಿ. ನಡುವೆ ಬಾಯಿ ಹಾಕಬೇಡಿ.

ಧ್ವನಿಮುದ್ರಣವನ್ನು ಬರಹಕ್ಕಿಳಿಸುವಾಗಲೇ ಹೆಚ್ಚಿನವರು ಎಡವುವುದು. ‘ನೀರು ಬಂತು’ ಎಂದರೆ ಕಂಡದ್ದು, ‘ಬಂತಂತೆ’ ಎಂದರೆ ಕೇಳಿದ್ದು. ಆಡುಮಾತನ್ನು ಗ್ರಾಂಥಿಕಕ್ಕೆ ತಿದ್ದುವ ಭರದಲ್ಲಿ ಈ ‘ಅಂತೆ’ ಉದುರಿದರೆ ಸಾಕ್ಷಿಯೇ ಬದಲಾದಂತೆ. ‘ನಾನು’ ಎಲ್ಲಿ ‘ನಾವು’ ಆಯಿತು, ಎಲ್ಲಿ ತಡೆದು ಮಾತಾಡಿದರು, ಪಕ್ಕದಲ್ಲಿ ಮಗ ಕೂತಿದ್ದನೇ ಎಂಬುದನ್ನೂ ಗುರುತಿಸಿಕೊಳ್ಳಿ.

ತಪ್ಪೆಂದು ಖಚಿತವಾದ ನೆನಪಿಗೂ ಬೆಲೆಯಿದೆ. ಇಟಲಿಯ ತೆರ್ನಿಯಲ್ಲಿ ಉಕ್ಕಿನ ಕಾರ್ಮಿಕ ಲುಯಿಜಿ ತ್ರಾಸ್ತುಲ್ಲಿ 1949ರ ಮಾರ್ಚ್ 17ರಂದು, ನ್ಯಾಟೋ ವಿರೋಧಿ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಆದರೆ ಊರಿನ ಅನೇಕರು ಅದು 1953ರಲ್ಲಿ, ಸಾವಿರಾರು ಜನರ ಕೆಲಸ ಹೋದಾಗಿನ ಗಲಾಟೆಯಲ್ಲಿ ಆಯಿತೆಂದರು. ಅವರ ನೆನಪುಗಳನ್ನು ಸಂಗ್ರಹಿಸಿದ ಮೌಖಿಕ ಇತಿಹಾಸಕಾರ ಅಲೆಸ್ಸಾಂಡ್ರೋ ಪೋರ್ತೆಲ್ಲಿ ಆ ತಪ್ಪನ್ನು ಅಳಿಸಲಿಲ್ಲ. ಆ ಸಾವನ್ನು ಜನ ತಮ್ಮ ದೊಡ್ಡ ಸೋಲಿನ ಪಕ್ಕಕ್ಕೆ ಯಾಕೆ ಸರಿಸಿದರೆಂದು ಹುಡುಕಿದರು.

ನಿಮ್ಮ ಪ್ರಬಂಧದಲ್ಲಿ ಎರಡು ಹೇಳಿಕೆಗಳನ್ನೂ ಭೇಟಿಯ ದಿನಾಂಕದೊಂದಿಗೆ ಕೊಡಿ, ದಾಖಲೆ ಹೇಳುವುದನ್ನು ಪಕ್ಕದಲ್ಲಿಡಿ. ಮೂರನೇ ಸಲ ಹೋದಾಗ ‘ಅವತ್ತು ಬೇರೆ ಹೇಳಿದ್ರಲ್ಲ’ ಎನ್ನಬೇಡಿ. ‘ಲಾರಿ ವಿಷಯ ಹೇಳಿದ್ರಿ, ಆಮೇಲೆ ಮನೆ ಹತ್ರ ಮತ್ತೆ ಹೋಗಿದ್ರಾ?’ ಎನ್ನಿ.