ಕೆನಡಾ ಸರಕಾರ ಮನೆ ಕೊಡುತ್ತದೆಯೇ?

ಪಿಆರ್ (ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಸಿಕ್ಕಿದೆ, ಜನವರಿಯಲ್ಲಿ ಹೆಂಡತಿ, ಮಗುವಿನೊಡನೆ ಟೊರಾಂಟೊಗೆ ಹೊರಟಿದ್ದೇವೆ, ಅಲ್ಲಿ ನಿರಾಶ್ರಿತರಿಗೆ ಸರಕಾರವೇ ಮನೆ ಕೊಡುತ್ತದಂತೆ, ನಮಗೂ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ, ಸಿಗುವುದಿಲ್ಲ. ಪಿಆರ್ ಕೊಡುವ ಮೊದಲು ನಿಮ್ಮ ಬ್ಯಾಂಕ್ ಖಾತೆಯಲ್ಲಿ ಹಣ ತೋರಿಸಿ ಎಂದು ಆ ಸರಕಾರ ಕೇಳಿದ್ದರೆ, ಅದು ನಿಮ್ಮ ಖರ್ಚಿನಲ್ಲೇ ನೀವು ನೆಲೆಯೂರಬೇಕೆಂದೇ.

ನಿರಾಶ್ರಿತರಿಗೂ ಯಾರೂ ಮನೆ ಬರೆದುಕೊಡುವುದಿಲ್ಲ. ಸರಕಾರ ತಾನೇ ಹೊರದೇಶದಿಂದ ಕರೆಸಿಕೊಂಡವರಿಗೆ ಬಂದಾಗ ತಾತ್ಕಾಲಿಕ ವಸತಿ, ಬಾಡಿಗೆ ಮನೆ ಹುಡುಕಲು ನೆರವು, ಸಾಮಾನ್ಯವಾಗಿ ಒಂದು ವರ್ಷದವರೆಗೆ ತಿಂಗಳ ಭತ್ಯೆ ಸಿಗುತ್ತದೆ. ಆ ಭತ್ಯೆ ಟೊರಾಂಟೊದ ಬಾಡಿಗೆಗೇ ಸಾಲದು. ಅವರಲ್ಲಿ ಹಲವರು ವಿಮಾನದ ಖರ್ಚನ್ನೂ ಸಾಲವಾಗಿ ಹೊತ್ತು ಬಂದಿರುತ್ತಾರೆ, ಕಂತಿನಲ್ಲಿ ತೀರಿಸಬೇಕು. ತಾವಾಗಿ ಬಂದು ಆಶ್ರಯ ಕೇಳುವವರಿಗೆ ಈ ಯೋಜನೆಯೂ ಇಲ್ಲ. ಎಷ್ಟೋ ಮಂದಿ ನಗರದ ಆಶ್ರಯಧಾಮಗಳಲ್ಲಿ ಹಾಸಿಗೆಗಾಗಿ ಕಾಯುತ್ತಾರೆ. ವಾಟ್ಸ್‌ಆಪ್‌ನಲ್ಲಿ ಓಡಾಡುವ ಕಥೆಗಳನ್ನು ನಂಬಿ ಅವರ ಮೇಲೆ ಹೊಟ್ಟೆಕಿಚ್ಚು ಪಡಬೇಡಿ.

ಆದಾಯದ ಸುಮಾರು ಶೇ. 30ರಷ್ಟನ್ನು ಮಾತ್ರ ಬಾಡಿಗೆಯಾಗಿ ಕಟ್ಟುವ ಸರಕಾರಿ ನೆರವಿನ ಮನೆಗಳಿವೆ. ಆದಾಯ ಕಡಿಮೆಯಿದ್ದರೆ ಪಿಆರ್ ಇರುವವರೂ ಅರ್ಜಿ ಹಾಕಬಹುದು. ಆದರೆ ಟೊರಾಂಟೊದಲ್ಲಿ ಸರದಿ ವರ್ಷಗಟ್ಟಲೆ.

ನಿಮಗೆ ನಿಜವಾಗಿ ಸಿಗುವ ನೆರವು ಬೇರೆ. ಹೊಸಬರಿಗಾಗಿ ಒಕ್ಕೂಟ ಸರಕಾರದ ಹಣದಲ್ಲಿ ನಡೆಯುವ ನೆಲೆಗೊಳಿಸುವ ಸೇವಾಕೇಂದ್ರಗಳು ಊರೂರಿನಲ್ಲಿವೆ. ಬಾಡಿಗೆ ಕರಾರು ಓದಿ ಹೇಳುವುದರಿಂದ ಹಿಡಿದು ಮಗುವಿನ ಶಾಲೆಯವರೆಗೆ ಪುಕ್ಕಟೆಯಾಗಿ ದಾರಿ ತೋರಿಸುತ್ತಾರೆ. ನಾನು 2011ರಲ್ಲಿ ಬಂದಾಗ ಆ ಬಾಗಿಲು ತುಳಿಯಲಿಲ್ಲ. ಅದು ನಿರಾಶ್ರಿತರ ಜಾಗ, ಎಂಜಿನಿಯರ್ ಆದ ನನಗೆ ಅಲ್ಲೇನು ಕೆಲಸ ಎಂಬ ಜಂಬ. ಟೊರಾಂಟೊದ ಸ್ಕಾರ್ಬರೋ ಭಾಗದಲ್ಲಿ ಬಾಡಿಗೆಗೆ ಒಂದು ನೆಲಮಾಳಿಗೆಯ ಮನೆ ನೋಡಿದೆವು. ಇಲ್ಲಿ ಸಾಲ ಪಡೆದು ಸರಿಯಾಗಿ ತೀರಿಸಿದ ದಾಖಲೆ ನಿಮಗಿಲ್ಲ, ಆರು ತಿಂಗಳ ಬಾಡಿಗೆ ಮುಂಗಡ ಕೊಡಿ ಎಂದ ಮಾಲೀಕ. ತುಮಕೂರಿನ ಸೈಟು ಮಾರಿದ ಹಣ, ಎಣಿಸಿ ಕೊಟ್ಟೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವನಿಗೆ ಅದು ಅಗ್ಗವೆಂದೇ ತೋರಿತ್ತು! ವಸಂತ ಬಂದ ಮೇಲೆ, ಮಗಳ ಶಾಲೆಯ ಕೆಲಸಕ್ಕೆಂದು ಆ ಕೇಂದ್ರಕ್ಕೆ ಹೋದಾಗ, ಅಲ್ಲಿನ ಹೆಂಗಸು ನಕ್ಕು ಹೇಳಿದರು: ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಮಾಲೀಕರು ಮೊದಲ ತಿಂಗಳ ಬಾಡಿಗೆಯ ಜೊತೆ ಕೊನೆಯ ತಿಂಗಳದ್ದನ್ನು ಮಾತ್ರ ಠೇವಣಿಯಾಗಿ ಕೇಳಬಹುದು. ಗೋಡೆ ಹಾಳಾದೀತು, ನಲ್ಲಿ ಮುರಿದೀತು ಎಂದು ಬೇರೆ ಠೇವಣಿ ಕೇಳುವಂತಿಲ್ಲ. ಈಗಂತೂ 2018ರಿಂದ ಹೆಚ್ಚಿನ ಖಾಸಗಿ ಬಾಡಿಗೆ ಮನೆಗಳಿಗೆ ಪ್ರಾಂತ್ಯದ್ದೇ ಮಾದರಿ ಕರಾರುಪತ್ರವಿದೆ. ಅದನ್ನೇ ಕೇಳಿ ಪಡೆಯಿರಿ.

ಬೆಂಗಳೂರಿನಿಂದಲೇ ಫೋಟೊ ನೋಡಿ ಹಣ ಕಳಿಸಬೇಡಿ. ಎರಡು ಮೂರು ವಾರಕ್ಕೆ ಒಂದು ಕೋಣೆ ಹಿಡಿದು, ಕಾಲಿಂದ ನಡೆದು ಮನೆ ನೋಡಿ. ನೆಲಮಾಳಿಗೆಯಾದರೆ ಅಡುಗೆಯ ಜಾಗದ ಕಿಟಕಿ ತೆರೆಯುತ್ತದೆಯೇ ಎಂದು ನೀವೇ ಎಳೆದು ನೋಡಿ. ನಮ್ಮದು ಹಿಮದ ಮಟ್ಟಕ್ಕಿತ್ತು, ಅದರಲ್ಲಿ ಕಾಣುತ್ತಿದ್ದದ್ದು ಹೋಗಿಬರುವವರ ಬೂಟುಗಳು ಮಾತ್ರ. ತೆರೆಯುತ್ತಲೂ ಇರಲಿಲ್ಲ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಕೂಡಲೇ ಹೊಗೆಯ ಅಲಾರಂ ಕಿರುಚುತ್ತಿತ್ತು, ಹೆಂಡತಿ ಸ್ಟೂಲಿನ ಮೇಲೆ ನಿಂತು ಟವೆಲ್ ಬೀಸುತ್ತಿದ್ದಳು.